ಮನೆಗೆ ಮರಳಿದ ಸಾಕ್ಷಿ

ಕ್ರೈಸ್ತ ಧರ್ಮ ಹರಡಿದ ಬಗೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಹಡಗಿನಿಂದ ಬಂದಿಳಿದ ಮಿಶನರಿಗಳಿಗೆ, ಅವರು ಕಟ್ಟಿದ ಶಾಲೆಗಳಿಗೆ, ತೆರೆದ ಅಚ್ಚುಕೂಟಗಳಿಗೆ, ಅನುವಾದಿಸಿದ ಗ್ರಂಥಗಳಿಗೆ ಪ್ರಾಧಾನ್ಯ ಕೊಟ್ಟಿದ್ದಾರೆ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದ 1894ರ ಕಿಟ್ಟೆಲ್ ನಿಘಂಟಿನವರೆಗೆ ಮಿಶನರಿಗಳ ದುಡಿಮೆ ಕಣ್ಣಿಗೆ ಕಾಣುವಂತೆ ಉಳಿದುಕೊಂಡಿರುವ ಕನ್ನಡನಾಡಿನಲ್ಲಿ ಈ ಪ್ರಾಧಾನ್ಯ ಸಹಜವೂ ಹೌದು. ಆದರೆ ಆ ಧರ್ಮದ ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ಸ್ವಲ್ಪ ತಾಳ್ಮೆಯಿಂದ ಗಮನಿಸಿದರೆ, ನಂಬಿಕೆಯು ಬಹುಪಾಲು ಸಂಬಳ ಪಡೆಯುವ ಬೋಧಕನ ಬಾಯಿಂದ ಹರಡಿದ್ದಲ್ಲ, ಅಣ್ಣನಿಂದ ತಮ್ಮನಿಗೆ, ಹೆಂಡತಿಯಿಂದ ಗಂಡನಿಗೆ, ಅಜ್ಜಿಯಿಂದ ಮೊಮ್ಮಗನಿಗೆ, ನೆರೆಮನೆಯವನಿಂದ ನೆರೆಮನೆಯವನಿಗೆ ಸದ್ದಿಲ್ಲದೆ ದಾಟಿದ್ದು ಎಂಬುದು ತಿಳಿದುಬರುತ್ತದೆ. ಯೇಸುವಿನಲ್ಲಿ ದೇವರು ಮನುಷ್ಯರನ್ನು ತನ್ನೊಂದಿಗೆ ಸಂಧಾನಗೊಳಿಸಿಕೊಂಡನೆಂಬ ಸಂದೇಶಕ್ಕೆ ಕ್ರೈಸ್ತರು ಸುವಾರ್ತೆ ಎನ್ನುತ್ತಾರೆ. ಆ ಸಂದೇಶದಿಂದ ತನ್ನ ಬದುಕಿನಲ್ಲಿ ಆದದ್ದನ್ನು ಇನ್ನೊಬ್ಬರ ಮುಂದೆ ಹೇಳುವುದಕ್ಕೆ ಸಾಕ್ಷಿ ನುಡಿಯುವುದು ಎಂಬ ಮಾತಿದೆ. ಈ ಸಾಕ್ಷಿಯನ್ನು ಅಪರಿಚಿತರ ಮುಂದೆ ನುಡಿಯುವುದಕ್ಕಿಂತ ಸ್ವಂತ ಮನೆಯವರ ಮುಂದೆ ನುಡಿಯುವುದು ಏಕೆ ಕಷ್ಟ, ಅದು ಎಲ್ಲಿ ಫಲ ಕೊಟ್ಟಿತು, ಎಲ್ಲಿ ದಾರಿ ಮುಚ್ಚಿಹೋಯಿತು ಎಂಬುದೇ ಈ ಭಾಷಣದ ವಿಷಯ.

ಹೊಸ ಒಡಂಬಡಿಕೆ, ಅಂದರೆ ಬೈಬಲಿನಲ್ಲಿ ಯೇಸುವಿನ ಚರಿತ್ರೆಯನ್ನೂ ಮೊದಲ ಕ್ರೈಸ್ತ ಸಭೆಗಳಿಗೆ ಬರೆದ ಪತ್ರಗಳನ್ನೂ ಒಳಗೊಂಡ ಎರಡನೆಯ ಭಾಗ, ಈ ಪ್ರಶ್ನೆಗೆ ಮೊದಲ ಆಕರವಾಗಿದೆ. ಯೇಸುವಿನ ಚರಿತ್ರೆಯನ್ನು ಹೇಳುವ ಪುಸ್ತಕಗಳಿಗೂ ಸುವಾರ್ತೆಗಳೆಂದೇ ಹೆಸರು. ಅವುಗಳಲ್ಲೊಂದಾದ ಯೋಹಾನನ ಸುವಾರ್ತೆಯ ಆರಂಭದಲ್ಲೇ, ಯೇಸುವನ್ನು ಕಂಡ ಅಂದ್ರೆಯನು ಮೊದಲು ಹುಡುಕಿಕೊಂಡು ಹೋಗುವುದು ತನ್ನ ಅಣ್ಣನಾದ ಸೀಮೋನನನ್ನು. ಮುಂದೆ ಯೇಸು ಕಳುಹಿಸಿದ ದೂತರಾದ ಅಪೊಸ್ತಲರಲ್ಲಿ ಹಿರಿಯನಾಗಿ ಪೇತ್ರನೆಂಬ ಹೆಸರಿನಿಂದ ಪ್ರಸಿದ್ಧನಾದವನು ಹೀಗೆ ಒಡಹುಟ್ಟಿದವನ ಕರೆಯಿಂದ ಬಂದವನು. ಅದೇ ಅಧ್ಯಾಯದಲ್ಲಿ ಫಿಲಿಪ್ಪನು ನತಾನಯೇಲನೆಂಬ ಪರಿಚಿತನಿಗೆ ವಿಷಯ ತಿಳಿಸಿದಾಗ, ನಜರೇತಿನಂಥ ಊರಿನಿಂದ ಒಳ್ಳೆಯದೇನಾದರೂ ಬಂದೀತೇ ಎಂಬ ಅನುಮಾನ ಎದುರಾಗುತ್ತದೆ. ಫಿಲಿಪ್ಪನು ವಾದಕ್ಕಿಳಿಯದೆ, ಅವನೇ ಬಂದು ಕಣ್ಣಾರೆ ಕಾಣಲೆಂದು ಕರೆಯುತ್ತಾನೆ. ಕೊರ್ನೇಲ್ಯನೆಂಬ ರೋಮನ್ ಸೇನಾಧಿಕಾರಿ ಪೇತ್ರನ ಬರವಿಗಾಗಿ ಕಾಯುತ್ತಿರುವಾಗ ಒಬ್ಬನೇ ಕೂತಿರುವುದಿಲ್ಲ, ಬಂಧುಗಳನ್ನೂ ಆಪ್ತ ಸ್ನೇಹಿತರನ್ನೂ ಮನೆಗೆ ಕರೆಸಿಕೊಂಡಿರುತ್ತಾನೆ. ಫಿಲಿಪ್ಪಿ ಪಟ್ಟಣದಲ್ಲಿ ಕೆನ್ನೀಲಿ ಬಟ್ಟೆಗಳ ವ್ಯಾಪಾರ ಮಾಡುತ್ತಿದ್ದ ಲುದ್ಯಳೆಂಬ ಹೆಂಗಸು ತನ್ನ ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆಯುತ್ತಾಳೆ. ಅದೇ ಪಟ್ಟಣದ ಸೆರೆಮನೆಯ ಅಧಿಕಾರಿಯೂ ಹಾಗೆಯೇ ಮಾಡುತ್ತಾನೆ. ದೀಕ್ಷಾಸ್ನಾನವೆಂದರೆ ನಂಬಿದವರನ್ನು ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ.

ಈ ಪ್ರಸಂಗಗಳಲ್ಲೆಲ್ಲ ಹೆಚ್ಚು ಮನನಯೋಗ್ಯವಾದದ್ದು ಗೆರಸೇನರ ಸೀಮೆಯಲ್ಲಿ ದೆವ್ವದ ಕಾಟದಿಂದ ಬಿಡುಗಡೆ ಹೊಂದಿದವನ ಕಥೆ. ಗೋರಿಗಳ ನಡುವೆ ಬದುಕುತ್ತಿದ್ದ, ಊರವರು ಸರಪಣಿ ಬಿಗಿದರೂ ಹಿಡಿತಕ್ಕೆ ಸಿಗದಿದ್ದ ಆ ಮನುಷ್ಯ, ಸ್ವಸ್ಥನಾದ ಮೇಲೆ ಯೇಸುವಿನ ಜೊತೆ ದೋಣಿ ಹತ್ತಿ ಹೊರಟುಹೋಗಲು ಬೇಡಿಕೊಳ್ಳುತ್ತಾನೆ. ಬೇರೆ ಎಷ್ಟೋ ಮಂದಿಯನ್ನು ತನ್ನ ಹಿಂದೆ ಬರಲು ಕರೆದ ಯೇಸು ಇವನಿಗೆ ಮಾತ್ರ ಒಪ್ಪಿಗೆ ಕೊಡುವುದಿಲ್ಲ. ಮನೆಗೆ, ತನ್ನವರ ಬಳಿಗೆ ಹಿಂದಿರುಗಿ, ತನಗಾದ ಉಪಕಾರವನ್ನು ತಿಳಿಸುವಂತೆ ಹೇಳಿ ಕಳುಹಿಸುತ್ತಾನೆ. ತನ್ನನ್ನು ಅತಿ ಕೆಟ್ಟ ಸ್ಥಿತಿಯಲ್ಲಿ ಕಂಡವರ ನಡುವೆಯೇ ಹೋಗಿ ನಿಲ್ಲುವುದು ಅವನಿಗೆ ದೋಣಿ ಹತ್ತುವುದಕ್ಕಿಂತ ಕಠಿಣವಾಗಿದ್ದಿರಬೇಕು. ಆದರೆ ಅವನಲ್ಲಿ ಆದ ಬದಲಾವಣೆಯನ್ನು ಅಳೆಯಬಲ್ಲವರು ಅವನನ್ನು ಮೊದಲಿನಿಂದ ಬಲ್ಲವರು ಮಾತ್ರ.

ಮನೆಯ ಸಾಕ್ಷಿಯ ಬಲವೂ ತೊಡಕೂ ಇಲ್ಲಿಯೇ ಇವೆ. ಹೊರಗಿನವರು ಮಾತನ್ನು ಕೇಳಿ ಮನುಷ್ಯನನ್ನು ಊಹಿಸುತ್ತಾರೆ, ಮನೆಯವರು ಮನುಷ್ಯನನ್ನು ಬಲ್ಲವರಾದ್ದರಿಂದ ಮಾತನ್ನು ತೂಗಿ ನೋಡುತ್ತಾರೆ. ಸ್ವತಃ ಯೇಸುವಿನ ವಿಷಯದಲ್ಲೂ ಇದು ಹೀಗೆಯೇ ನಡೆಯಿತೆಂದು ಸುವಾರ್ತೆಗಳು ಮುಚ್ಚುಮರೆಯಿಲ್ಲದೆ ದಾಖಲಿಸಿವೆ. ಅವನಿಗೆ ಬುದ್ಧಿ ಭ್ರಮಣೆಯಾಗಿದೆಯೆಂದು ಬಗೆದು ಮನೆಯವರೇ ಹಿಡಿದುಕೊಂಡು ಹೋಗಲು ಬಂದದ್ದನ್ನು ಮಾರ್ಕನು ಬರೆದಿದ್ದಾನೆ. ಬೆಳೆದ ಊರಾದ ನಜರೇತಿನಲ್ಲಿ ಅವನಿಗೆ ಮನ್ನಣೆ ಸಿಗಲಿಲ್ಲ. ಅವನ ತಮ್ಮಂದಿರು ಅವನನ್ನು ನಂಬಿರಲಿಲ್ಲವೆಂದು ಯೋಹಾನನು ಹೇಳುತ್ತಾನೆ. ಆ ತಮ್ಮಂದಿರಲ್ಲಿ ಒಬ್ಬನಾದ ಯಾಕೋಬನು ಮುಂದೆ ಯೆರೂಸಲೇಮಿನ ಸಭೆಗೆ ಹಿರಿಯನಾದದ್ದು ನಿಜವಾದರೂ, ಅದು ಯೇಸುವಿನ ಮರಣ ಮತ್ತು ಪುನರುತ್ಥಾನದ ನಂತರದ ಮಾತು. ಮನೆಯವರು ತನ್ನ ಮಾತಿಗೆ ಕಿವಿಗೊಡುತ್ತಿಲ್ಲವೆಂದು ಕೊರಗುವ ವಿಶ್ವಾಸಿಗೆ ಈ ದಾಖಲೆಯಲ್ಲಿ ಇರುವಷ್ಟು ಸಾಂತ್ವನ ಯಾವ ಬೋಧನೆಯಲ್ಲೂ ಇಲ್ಲ.

ಮೊದಲ ಶತಮಾನಗಳಲ್ಲಿ ನಂಬಿಕೆ ಮನೆಯೊಳಗಿನಿಂದ ಹರಡುತ್ತಿತ್ತು ಎಂಬುದಕ್ಕೆ ಕ್ರೈಸ್ತರ ಹೊಗಳಿಕೆಗಿಂತ ಅವರ ವಿರೋಧಿಗಳ ದೂರು ಬಲವಾದ ಪುರಾವೆ. ಸುಮಾರು 178ರಲ್ಲಿ ಸೆಲ್ಸಸ್ ಎಂಬ ಗ್ರೀಕ್ ತತ್ತ್ವಜ್ಞಾನಿ ಬರೆದ ಖಂಡನಗ್ರಂಥ ಇಂದು ಪೂರ್ಣವಾಗಿ ಉಳಿದಿಲ್ಲ. ಸುಮಾರು 70 ವರ್ಷಗಳ ಬಳಿಕ ಅದಕ್ಕೆ ಉತ್ತರ ಬರೆದ ಓರಿಜೆನ್ ಎಂಬ ಪಂಡಿತನು ಉದ್ಧರಿಸಿದಷ್ಟು ಮಾತ್ರ ಉಳಿದಿದೆ. ಉಣ್ಣೆ ಹಿಂಜುವವರು, ಮೆಟ್ಟು ಹೊಲಿಯುವವರು, ಬಟ್ಟೆ ಒಗೆಯುವವರು ಯಜಮಾನರ ಮುಂದೆ ಬಾಯಿ ತೆರೆಯದೆ, ಮನೆಯ ಒಳಗೆ ಹೆಂಗಸರು ಮಕ್ಕಳು ಒಂಟಿಯಾಗಿ ಸಿಕ್ಕಾಗ ತಮ್ಮ ಬೋಧನೆಯನ್ನು ಹೇಳುತ್ತಾರೆ ಎಂಬುದು ಅವನ ಆಕ್ಷೇಪಗಳಲ್ಲೊಂದು. ಆ ಮಾತಿನಲ್ಲಿ ತಿರಸ್ಕಾರವಿದೆ, ಆದರೆ ಒಂದು ಸತ್ಯಾಂಶವೂ ಇದೆ. ಕಾಡಿನಲ್ಲಿ ಬೇರುಬಿಟ್ಟ ಬಳ್ಳಿಯಂತೆ ಆ ಧರ್ಮ ಮೇಲಿನವರ ಕಣ್ಣಿಗೆ ಬೀಳದೆ ದುಡಿಯುವವರ ಸಂಬಂಧಗಳ ಉದ್ದಕ್ಕೂ ಹಬ್ಬುತ್ತಿತ್ತು. ಜೊತೆಗೆ, ಮಕ್ಕಳನ್ನು ಹೆತ್ತವರ ಕಣ್ತಪ್ಪಿಸಿ ಬೋಧಿಸುತ್ತಾರೆಂಬ ದೂರನ್ನು ಇಂದಿನ ವಿಶ್ವಾಸಿಗಳೂ ಹಗುರವಾಗಿ ತೆಗೆದುಕೊಳ್ಳಬಾರದು. ಮರೆಯಲ್ಲಿ ಹೇಳಬೇಕಾಗಿ ಬಂದ ಸಾಕ್ಷಿ ಮನೆಯಲ್ಲಿ ಸಂಶಯವನ್ನು ಬಿತ್ತುತ್ತದೆ.

ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ 203ರಲ್ಲಿ ಹುತಾತ್ಮಳಾದ ಪರ್ಪೆತುವಾ ಎಂಬ ತರುಣ ತಾಯಿಯ ಸೆರೆಮನೆಯ ದಾಖಲೆ ಈ ನೋವಿನ ಇನ್ನೊಂದು ಮುಖವನ್ನು ತೋರಿಸುತ್ತದೆ. ಅವಳ ತಂದೆ ಮತ್ತೆ ಮತ್ತೆ ಬಂದು, ತನ್ನ ನರೆಗೂದಲನ್ನಾದರೂ ನೋಡಿ, ಮೊಲೆಯುಣ್ಣುವ ಕೂಸನ್ನಾದರೂ ನೋಡಿ ಮನಸ್ಸು ಬದಲಿಸಲೆಂದು ಅಂಗಲಾಚುತ್ತಾನೆ. ಅವಳು ತನ್ನ ನಂಬಿಕೆಯನ್ನು ಬಿಡುವುದಿಲ್ಲ, ಆದರೆ ತಂದೆಯ ಮುಪ್ಪಿಗಾಗಿ ತಾನು ಪಟ್ಟ ಸಂಕಟವನ್ನು ಮರೆಮಾಚದೆ ಬರೆದಿಡುತ್ತಾಳೆ.

ಇದೇ ಆಫ್ರಿಕದ ನೆಲದಲ್ಲಿ ಒಂದೂವರೆ ಶತಮಾನದ ಬಳಿಕ ಬಾಳಿದ ಮೋನಿಕಾಳ ಕಥೆಯನ್ನು ಸಾಮಾನ್ಯವಾಗಿ ಪ್ರಾರ್ಥನೆ ಬಿಡದ ತಾಯಿಯ ಕಥೆಯಾಗಿ ಹೇಳಲಾಗುತ್ತದೆ. ಮಗ ಅಗಸ್ಟೀನನು ತನ್ನ ‘ನಿವೇದನೆ’ಗಳಲ್ಲಿ ಬರೆದಿಟ್ಟ ವಿವರಗಳನ್ನು ಗಮನಿಸಿದರೆ ಅದು ಕಲಿತುಕೊಂಡ ತಾಯಿಯ ಕಥೆಯೂ ಹೌದು. ಜಗತ್ತನ್ನು ಬೆಳಕು ಮತ್ತು ಕತ್ತಲೆಗಳ ಎರಡು ಶಕ್ತಿಗಳ ಕಾಳಗವೆಂದು ಬೋಧಿಸುತ್ತಿದ್ದ ಮಾನಿಕೇಯ ಪಂಥವನ್ನು ಮಗನು ಸೇರಿದಾಗ, ಅವಳು ಮೊದಲು ಅವನೊಂದಿಗೆ ಒಂದೇ ಸೂರಿನಡಿ ಇರುವುದನ್ನೂ ಒಟ್ಟಿಗೆ ಕೂತು ಉಣ್ಣುವುದನ್ನೂ ನಿರಾಕರಿಸಿದಳು. ಬಳಿಕ ಕಂಡ ಒಂದು ಕನಸಿನಿಂದ ಧೈರ್ಯ ತಂದುಕೊಂಡು, ಅವನ ಅಭಿಪ್ರಾಯ ಎಳ್ಳಷ್ಟೂ ಬದಲಾಗದಿದ್ದರೂ, ಅವನನ್ನು ಮತ್ತೆ ಮನೆಗೂ ಪಂಕ್ತಿಗೂ ಸೇರಿಸಿಕೊಂಡಳು. ಮಗನೊಂದಿಗೆ ವಾದಿಸಿ ಅವನನ್ನು ತಿದ್ದಬೇಕೆಂದು ಅವಳು ಒಬ್ಬ ಬಿಷಪರನ್ನು, ಅಂದರೆ ಸಭಾಧ್ಯಕ್ಷರನ್ನು, ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಬಾಲ್ಯದಲ್ಲಿ ಅದೇ ಪಂಥದಲ್ಲಿ ಬೆಳೆದು, ಓದುತ್ತ ಓದುತ್ತ ತಾವಾಗಿಯೇ ಹೊರಬಂದಿದ್ದ ಅವರು, ಅವನನ್ನು ಅವನ ಪಾಡಿಗೆ ಬಿಟ್ಟು ಪ್ರಾರ್ಥಿಸುವಂತೆ ಸಲಹೆ ಕೊಟ್ಟರು. ಸಿಡುಕಿನವನಾದ ಗಂಡ ಪತ್ರಿಕಿಯುಸನ ವಿಷಯದಲ್ಲೂ ಅವಳು ಸಿಟ್ಟಿನ ಹೊತ್ತಿನಲ್ಲಿ ಎದುರಾಡದೆ, ಅವನು ಶಾಂತನಾದ ಮೇಲೆ ತಿಳಿಹೇಳುತ್ತಿದ್ದಳೆಂದೂ, ಚಾಡಿಮಾತು ನಂಬಿ ಮುನಿದಿದ್ದ ಅತ್ತೆಯನ್ನು ತಾಳ್ಮೆಯಿಂದಲೇ ಒಲಿಸಿಕೊಂಡಳೆಂದೂ ಮಗ ಬರೆಯುತ್ತಾನೆ. ಗಂಡ ತನ್ನ ಕೊನೆಗಾಲದಲ್ಲಿ ಕ್ರೈಸ್ತನಾದ. ಮಗ 387ರ ಈಸ್ಟರಿನಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದ. ಅವಳು ಅದೇ ವರ್ಷ ತೀರಿಕೊಂಡಳು. ಮಗ ನಂಬುವ ಎಷ್ಟೋ ವರ್ಷ ಮೊದಲೇ ಅವನಿಗೆ ಊಟದ ಜಾಗ ಮರಳಿ ಸಿಕ್ಕಿತ್ತೆಂಬುದು ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ.

ಭಾರತದ ಚರಿತ್ರೆಗೆ ಬಂದರೆ, ಮನೆಗೆ ಮರಳುವುದಕ್ಕೂ ಮನೆಯಿಂದ ಬೇರ್ಪಡುವುದಕ್ಕೂ ಇರುವ ಅಂತರವನ್ನು ಹತ್ತೊಂಬತ್ತನೆಯ ಶತಮಾನದ ಎರಡು ಪ್ರಸಂಗಗಳು ಎದ್ದು ಕಾಣುವಂತೆ ತೋರಿಸುತ್ತವೆ.

ಮೊದಲನೆಯದು ಮಂಗಳೂರಿನದು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಕೇಂದ್ರವಿದ್ದ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ಬಳಿಕ ಹೆರ್ಮನ್ ಮೋಗ್ಲಿಂಗ್ ಬಂದು ಸೇರಿದರು. ಅವರ ಪ್ರಭಾವಕ್ಕೆ ಒಳಗಾದ, ಪ್ರತಿಷ್ಠಿತ ಸಾರಸ್ವತ ಬ್ರಾಹ್ಮಣ ಮನೆತನದ ತರುಣ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ಇನ್ನಿಬ್ಬರು ತರುಣರೊಂದಿಗೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಆ ಕಾಲದ ಅವಿಭಕ್ತ ಕುಟುಂಬದಲ್ಲಿ ಒಬ್ಬ ಮಗನ ಮತಾಂತರವೆಂದರೆ ಆತನೊಬ್ಬನ ಅಂತರಂಗದ ವಿಷಯವಾಗಿರಲಿಲ್ಲ. ಪಂಕ್ತಿ, ಅಪರಕರ್ಮ, ಆಸ್ತಿ, ತಂಗಿಯರ ಮದುವೆ ಎಲ್ಲವೂ ಅದರೊಂದಿಗೆ ಅಲುಗಾಡುತ್ತಿದ್ದವು. ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ಹೋಗಿ, ಐದು ವರ್ಷ ದೇವಶಾಸ್ತ್ರ ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು, ಕೊಡಗಿನ ಆನಂದಪುರದಲ್ಲಿ ಮೋಗ್ಲಿಂಗರ ಜೊತೆಗೂಡಿ ನೆಲೆಯಿಲ್ಲದ ಬಡ ಕ್ರೈಸ್ತರಿಗೆ ನೆಲೆ ಕಟ್ಟಿಕೊಟ್ಟರು, 1893ರಲ್ಲಿ ತೀರಿಕೊಂಡರು. ಅವರ ವಿದ್ವತ್ತು ದೊಡ್ಡದು, ಸೇವೆ ದೊಡ್ಡದು. ಆದರೆ ಅವರ ಪತ್ನಿ ಲಕ್ಷ್ಮಿ ಅವರ ಹೊಸ ಬದುಕಿಗೆ ಜೊತೆಯಾಗಲಿಲ್ಲ. ಆ ದಾಂಪತ್ಯ ಮುರಿದು, 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬವರನ್ನು ಮದುವೆಯಾದರು. ತನ್ನದಲ್ಲದ ನಿರ್ಧಾರದಿಂದ ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಕೇಳಿಬರುವುದೇ ಇಲ್ಲ. ಕನ್ನಡ ಕ್ರೈಸ್ತರು ಕೌಂಡಿನ್ಯರನ್ನು ಅಭಿಮಾನದಿಂದ ನೆನೆಯುವಾಗ ಲಕ್ಷ್ಮಿಯವರನ್ನೂ ಗೌರವದಿಂದ ನೆನೆಯುವುದು ನ್ಯಾಯ.

ಇಲ್ಲಿ ದಾರಿ ಮುಚ್ಚಿದ್ದು ಎರಡು ಕಡೆಯಿಂದ. ಜಾತಿಯವರು ಮತಾಂತರಗೊಂಡವನನ್ನು ಹೊರಗೆ ಹಾಕಿದರು. ಮಿಶನ್ ಅವನನ್ನು ತನ್ನ ಆವರಣದೊಳಗೆ ಕರೆದುಕೊಂಡಿತು. ಉಪಜೀವನ ಕಳೆದುಕೊಂಡವರಿಗೆ ಕೆಲಸ ಕೊಡಬೇಕಾದ ಒತ್ತಡದಿಂದಲೂ ನೇಯ್ಗೆಯ ಕಾರ್ಖಾನೆಗಳು, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಹುಟ್ಟಿಕೊಂಡವು. ಮಂಗಳೂರು ಹೆಂಚು ನಾಡಿನ ಉದ್ದಗಲಕ್ಕೂ ಮನೆಗಳನ್ನು ಹೊದಿಸಿತು. ಆದರೆ ಅದನ್ನು ತಯಾರಿಸಿದ ಅನೇಕರಿಗೆ ತಾವು ಹುಟ್ಟಿದ ಮನೆಯ ಹೊಸ್ತಿಲು ಮತ್ತೆ ದಾಟಲಾಗಲಿಲ್ಲ. ಕರುಣೆಯಿಂದ ಮಾಡಿದ ಏರ್ಪಾಡು ಅದು, ಅದನ್ನು ತಪ್ಪೆನ್ನಲು ಬರುವುದಿಲ್ಲ. ಆದರೂ ಹುಟ್ಟಿದ ಮನೆಯಿಂದ ಕಡಿದುಹೋದವನು ಆ ಮನೆಯವರಿಗೆ ಏನನ್ನೂ ಹೇಳಲಾರ. ಅವನ ಬದುಕಿನಲ್ಲಾದ ಒಳ್ಳೆಯ ಬದಲಾವಣೆ ಅವರ ಕಣ್ಣಿಗೆ ಬೀಳುವುದಿಲ್ಲ, ಅವನು ಅಗಲಿಹೋದದ್ದಷ್ಟೇ ಕಾಣುತ್ತದೆ.

ಎರಡನೆಯ ಪ್ರಸಂಗ ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ಸಿಯಾಲ್‌ಕೋಟಿನದು. 1873ರಲ್ಲಿ ದಿತ್ ಎಂಬ ಕುಂಟು ಕಾಲಿನ ಬಡವನೊಬ್ಬ, ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯದಲ್ಲಿ ಹುಟ್ಟಿ ಚರ್ಮದ ವ್ಯಾಪಾರದಿಂದ ಹೊಟ್ಟೆ ಹೊರೆಯುತ್ತಿದ್ದವನು, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನರಿಯೊಬ್ಬರ ಬಳಿ ಬಂದು ದೀಕ್ಷಾಸ್ನಾನ ಕೇಳಿ ಪಡೆದ. ಕೆಲಕಾಲ ಪೇಟೆಯಲ್ಲೇ ಉಳಿದು ಹೆಚ್ಚಿನ ಶಿಕ್ಷಣ ಪಡೆಯಬೇಕೆಂಬ ಮಿಶನರಿಯ ಇಷ್ಟಕ್ಕೆ ಒಪ್ಪದೆ, ತನ್ನ ಹಳ್ಳಿಗೆ, ತನ್ನವರ ನಡುವೆ ಮರಳುತ್ತೇನೆಂದು ಹೊರಟುಹೋದ. ಹಳ್ಳಿಯಲ್ಲಿ ಬಂಧುಗಳ ಮೂದಲಿಕೆಯನ್ನೂ ವಿರೋಧವನ್ನೂ ಎದುರಿಸಿ, ತನ್ನ ಹಳೆಯ ಕಸುಬನ್ನೇ ಮುಂದುವರಿಸಿದ. ಕೆಲವು ತಿಂಗಳ ಬಳಿಕ ಅವನು ಹೆಂಡತಿ, ಮಗಳು ಮತ್ತು ಇಬ್ಬರು ನೆರೆಯವರನ್ನು ಕರೆದುಕೊಂಡು ಸುಮಾರು 30 ಮೈಲಿ ನಡೆದು ಸಿಯಾಲ್‌ಕೋಟಿಗೆ ಬಂದ. ಅವರಿಗೆ ಗೊತ್ತಿದ್ದುದೆಲ್ಲ ಅವನೇ ಕಲಿಸಿದ್ದು. ಅವರೂ ದೀಕ್ಷಾಸ್ನಾನ ಪಡೆದು ಅದೇ ದಾರಿಯಲ್ಲಿ ಹಳ್ಳಿಗೆ ಮರಳಿದರು. ಹೀಗೆ ತೊಡಗಿದ್ದು ಬಂಧುಬಳಗದ ಮೂಲಕ ಹಳ್ಳಿಯಿಂದ ಹಳ್ಳಿಗೆ ಸಾಗಿ, ಮುಂದಿನ ನಾಲ್ಕು ದಶಕಗಳಲ್ಲಿ ಆ ಸೀಮೆಯ ಆ ಸಮುದಾಯದ ಬಹುಭಾಗವನ್ನು ಒಳಗೊಂಡಿತು. ಇದನ್ನು ಯಾವ ಮಿಶನರಿಯೂ ಯೋಜಿಸಿರಲಿಲ್ಲ. ಮಿಶನರಿಗಳು ಓದಿದ ಮೇಲ್ಜಾತಿಯವರತ್ತ ಕಣ್ಣು ನೆಟ್ಟಿದ್ದಾಗ ಓದುಬರಹ ತಿಳಿಯದ ದಿತ್ತನು ತನ್ನ ಮನೆಯ ದಾರಿ ಹಿಡಿದಿದ್ದ. ಇಂಥ ಚಳವಳಿಗಳನ್ನು ಅಧ್ಯಯನ ಮಾಡಿ 1933ರಲ್ಲಿ ಗ್ರಂಥ ಪ್ರಕಟಿಸಿದ ವಾಸ್ಕಮ್ ಪಿಕೆಟ್, ಅವರ ಜಾಡಿನಲ್ಲಿ ನಡೆದು 1955ರಲ್ಲಿ ಬರೆದ ಡೊನಾಲ್ಡ್ ಮ್ಯಾಕ್‌ಗವ್ರನ್ ಇಬ್ಬರೂ ಬಂಧುತ್ವದ ಈ ಸೇತುವೆಗಳ ಮಹತ್ವವನ್ನು ಎತ್ತಿ ಹಿಡಿದರು. ಮ್ಯಾಕ್‌ಗವ್ರನ್ನರ ವಾದ ಜಾತಿಯ ಗೋಡೆಗಳನ್ನು ಸಭೆಯೊಳಗೂ ಹಾಗೆಯೇ ಉಳಿಸುತ್ತದೆ ಎಂಬ ಟೀಕೆ ಬಂದಿದೆ. ಅದು ಸಕಾರಣವಾದ ಟೀಕೆ.

ಮನೆಯಿಂದ ಬೇರ್ಪಟ್ಟೂ ಮನೆಯ ಬಾಗಿಲನ್ನು ಮುಚ್ಚಗೊಡದ ಮೂರನೆಯ ಬಗೆಯೊಂದುಂಟು. ಅದಕ್ಕೆ ಮರಾಠಿ ಕವಿ ನಾರಾಯಣ ವಾಮನ ತಿಲಕರು ಮತ್ತು ಅವರ ಪತ್ನಿ ಲಕ್ಷ್ಮೀಬಾಯಿಯವರ ಬಾಳು ಭಾರತೀಯ ಸಾಹಿತ್ಯವೇ ಕಾಪಿಟ್ಟುಕೊಂಡ ಉದಾಹರಣೆ. ರತ್ನಾಗಿರಿ ಸೀಮೆಯ ಚಿತ್ಪಾವನ ಬ್ರಾಹ್ಮಣರಾದ ತಿಲಕರಿಗೆ ರೈಲು ಪ್ರಯಾಣವೊಂದರಲ್ಲಿ ಸಹಪ್ರಯಾಣಿಕರಾದ ಐರೋಪ್ಯರೊಬ್ಬರು ಹೊಸ ಒಡಂಬಡಿಕೆಯ ಪ್ರತಿಯನ್ನು ಕೊಟ್ಟರು. ಅದನ್ನು ಓದುತ್ತ ಹೋದ ತಿಲಕರು 1895ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಸುದ್ದಿ ತಿಳಿದ ಲಕ್ಷ್ಮೀಬಾಯಿಯವರು ದುಃಖದಿಂದ ಕುಸಿದುಹೋದರು. ಬಾಲ್ಯದಲ್ಲೇ ಮದುವೆಯಾಗಿ, ಮಡಿವಂತಿಕೆಯ ಕಟ್ಟುನಿಟ್ಟಿನಲ್ಲಿ ಬೆಳೆದ ಅವರಿಗೆ ಗಂಡ ಬದುಕಿದ್ದೂ ಇಲ್ಲದಂತಾದ ಸ್ಥಿತಿ ಅದು. ಪುಟ್ಟ ಮಗನನ್ನು ಕಟ್ಟಿಕೊಂಡು, ಬಂಧುಗಳ ಆಶ್ರಯದಲ್ಲಿ ನಾಲ್ಕೈದು ವರ್ಷಗಳನ್ನು ಕಳೆದರು. ತಿಲಕರು ಆ ಅವಧಿಯಲ್ಲಿ ಪತ್ರ ಬರೆಯುವುದನ್ನು ಬಿಡಲಿಲ್ಲ; ಇನ್ನೊಂದು ಮದುವೆಯ ಮಾತಿಗೆ ಎಡೆಗೊಡಲಿಲ್ಲ; ಹೆಂಡತಿ ತನ್ನ ಆಚಾರಗಳನ್ನು ಬಿಟ್ಟರೆ ಮಾತ್ರ ಮನೆಗೆ ಬರಬಹುದೆಂಬ ಷರತ್ತನ್ನು ಹಾಕಲಿಲ್ಲ.

ಕೊನೆಗೆ ಲಕ್ಷ್ಮೀಬಾಯಿ ಅಹಮದ್‌ನಗರ ಸೀಮೆಯಲ್ಲಿದ್ದ ಗಂಡನ ಬಳಿಗೆ ಬಂದರೂ, ಹಿಂದೂ ಆಚಾರವಂತೆಯಾಗಿಯೇ ಬಂದರು. ಅವರ ಅಡುಗೆ ಬೇರೆ, ನೀರು ಬೇರೆ, ಮಡಿ ಬೇರೆ. ಒಂದೇ ಸೂರಿನಡಿ ಎರಡು ನಂಬಿಕೆಗಳು ಹೀಗೆ ಜೊತೆಯಾಗಿ ಬಾಳಿದವು. ಆ ಬಳಿಕ ಜಾತಿಯೆಂಬುದು ದೇವರು ಮಾಡಿದ್ದೋ ಮನುಷ್ಯರು ಮಾಡಿದ್ದೋ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಅದು ಮನುಷ್ಯರದೇ ಎಂಬ ನಿಶ್ಚಯಕ್ಕೆ ಬಂದಾಗ ಅವರು ತಾವಾಗಿಯೇ ಆ ಕಟ್ಟನ್ನು ಬಿಟ್ಟರು. ನಂತರ, 1900ರಲ್ಲಿ, ದೀಕ್ಷಾಸ್ನಾನ ಪಡೆದರು. ಕವಿಯಾದ, ವಾಗ್ಮಿಯಾದ ಗಂಡನ ವಾದಗಳು ಅವರನ್ನು ಈ ನಿಶ್ಚಯಕ್ಕೆ ತಂದುವೆನ್ನಲು ಬರುವುದಿಲ್ಲ. ಗಂಡನ ಬಳಗದಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದುದನ್ನು, ಅನಾಥ ಮಕ್ಕಳು ಮನೆಮಕ್ಕಳಾಗಿ ಬೆಳೆಯುತ್ತಿದ್ದುದನ್ನು ಅವರು ದಿನವೂ ಕಣ್ಣಾರೆ ಕಂಡಿದ್ದರು. 1934ರಿಂದ ಭಾಗಭಾಗವಾಗಿ ಪ್ರಕಟವಾದ ಅವರ ‘ಸ್ಮೃತಿಚಿತ್ರೆ’ ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲೊಂದೆಂದು ಎಲ್ಲ ಮತದವರೂ ಒಪ್ಪಿಕೊಂಡಿದ್ದಾರೆ; ಗಂಡನ ಸಿಟ್ಟುಸೆಡವು, ಮರೆವು, ಅತಿಯಾದ ದಾನಶೀಲತೆಯಿಂದ ಮನೆ ಬರಿದಾಗುತ್ತಿದ್ದ ಬಗೆ ಇವೆಲ್ಲವನ್ನೂ ಅದರಲ್ಲಿ ಅವರು ಮುಚ್ಚಿಡದೆ ಹೇಳಿರುವುದರಿಂದಲೇ, ಅವರ ನಂಬಿಕೆಯ ಮಾತೂ ಓದುಗರಿಗೆ ವಿಶ್ವಾಸಾರ್ಹವಾಗುತ್ತದೆ.

ತಿಲಕರು ಮನೆಮಾತನ್ನೂ ಬಿಡಲಿಲ್ಲ. ಜ್ಞಾನೇಶ್ವರ, ತುಕಾರಾಮರ ಅಭಂಗಗಳನ್ನು ಕೇಳಿ ಬೆಳೆದ ಅವರು, ಅಭಂಗವೆಂಬ ಭಕ್ತಿಗೀತೆಯ ಧಾಟಿಯಲ್ಲೇ, ಕೀರ್ತನೆಯ ರೂಪದಲ್ಲೇ ಕ್ರಿಸ್ತನನ್ನು ಹಾಡಿದರು. ಕನ್ನಡದಲ್ಲಿ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯ ಮೂಲಕ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಲು ಯತ್ನಿಸಿದ್ದೂ ಇದೇ ದಿಕ್ಕಿನ ಪ್ರಯತ್ನ. ಅಜ್ಜಿಯ ಕಿವಿಗೆ ಅಪರಿಚಿತವಾದ ಭಾಷೆಯಲ್ಲಿ, ಪುಸ್ತಕದ ಪರಿಭಾಷೆಯಲ್ಲಿ ಹೇಳಿದ ನಂಬಿಕೆ ಮೊಮ್ಮಗನು ಊರು ಬಿಟ್ಟುಹೋದದ್ದನ್ನಷ್ಟೇ ಅವಳಿಗೆ ನೆನಪಿಸುತ್ತದೆ.

ಇಂದಿನ ಭಾರತದಲ್ಲಿ ನಂಬಿಕೆಯನ್ನು ಇನ್ನೊಬ್ಬರಿಗೆ ತಿಳಿಸುವ ವಿಷಯಕ್ಕೆ ಕಾನೂನಿನ ಒಂದು ಚೌಕಟ್ಟು ಇದೆ. ಸಂವಿಧಾನದ 25ನೆಯ ವಿಧಿ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟು, ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಪ್ರಕಟವಾಗಿ ಒಪ್ಪಿಕೊಳ್ಳುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಎಲ್ಲ ವ್ಯಕ್ತಿಗಳಿಗೂ ಕೊಡುತ್ತದೆ. ಪ್ರಚಾರದ ಹಕ್ಕು ಇರಬೇಕೇ ಎಂಬುದರ ಬಗ್ಗೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಗಂಭೀರ ಚರ್ಚೆಯೇ ನಡೆದಿತ್ತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ತನ್ನ ಧರ್ಮದ ತತ್ತ್ವಗಳನ್ನು ತಿಳಿಸುವುದು ಹಕ್ಕಿನೊಳಗೆ ಬರುತ್ತದೆ, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದು ತೀರ್ಪಿತ್ತಿತು. ಈ ತೀರ್ಪನ್ನು ಕ್ರೈಸ್ತ ಚಿಂತಕರಲ್ಲಿ ಹಲವರು ಸಂಕುಚಿತವೆಂದು ಭಾವಿಸಿದ್ದಾರೆ. ಆದರೆ ನಂಬಿಕೆಯ ದೃಷ್ಟಿಯಿಂದಲೇ ನೋಡಿದರೆ, ಹೃದಯವನ್ನು ತಿರುಗಿಸುವುದು ದೇವರ ಕೆಲಸವೆಂದೂ ಮನುಷ್ಯನದು ಸಾಕ್ಷಿ ಮಾತ್ರವೆಂದೂ ಸಭೆ ಮೊದಲಿನಿಂದಲೂ ಹೇಳುತ್ತ ಬಂದಿದೆ. ಹಣ, ಕೆಲಸ, ಮದುವೆಯ ಆಸೆ ತೋರಿಸುವುದು, ಕಾಯಿಲೆಯವರ ದುರ್ಬಲ ಗಳಿಗೆಯನ್ನು ಬಳಸಿಕೊಳ್ಳುವುದು, ನರಕದ ಭಯ ಹುಟ್ಟಿಸಿ ಮಕ್ಕಳನ್ನು ನಡುಗಿಸುವುದು ಕಾನೂನಿಗಿಂತ ಮೊದಲು ಸುವಾರ್ತೆಗೇ ಮಾಡುವ ಅಪಚಾರ.

ಮನೆಯೊಳಗಿನ ಕಾನೂನಿನ ಪರಿಣಾಮಗಳನ್ನೂ ವಿಶ್ವಾಸಿಗಳು ತಿಳಿದಿರಬೇಕು. ಮತ ಬದಲಿಸಿದವನ ಪಿತ್ರಾರ್ಜಿತದ ಹಕ್ಕನ್ನು 1850ರ ಜಾತಿ ನಿರ್ಬಂಧ ನಿವಾರಣಾ ಕಾಯಿದೆ ಉಳಿಸಿಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರವೂ ಅವನ ಸ್ವಂತ ಹಕ್ಕು ಹೋಗುವುದಿಲ್ಲ, ಆದರೆ ಮತಾಂತರದ ಬಳಿಕ ಹುಟ್ಟಿದ ಮಕ್ಕಳು, ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಹಿಂದೂಗಳಾಗಿದ್ದರಲ್ಲದೆ, ಹಿಂದೂ ಬಂಧುಗಳಿಗೆ ವಾರಸುದಾರರಾಗುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯಂತೆ ಒಬ್ಬರು ಹಿಂದೂ ಧರ್ಮ ಬಿಟ್ಟರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ದೀಕ್ಷಾಸ್ನಾನಕ್ಕೆ ಮುಂದಾಗುವ ಗಂಡನಾಗಲಿ ಹೆಂಡತಿಯಾಗಲಿ ಈ ಮಾತುಗಳನ್ನು ಸಂಗಾತಿಯೊಂದಿಗೆ ಮೊದಲೇ ಕೂತು ಆಡದಿದ್ದರೆ, ನಂಬಿಕೆಯ ಹೆಸರಿನಲ್ಲಿ ವಂಚನೆ ಮಾಡಿದಂತಾಗುತ್ತದೆ. ಕೊರಿಂಥ ಪಟ್ಟಣದ ಸಭೆಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನು ಇಂಥ ದಾಂಪತ್ಯಗಳನ್ನೇ ಕುರಿತು, ನಂಬದ ಸಂಗಾತಿ ಒಟ್ಟಿಗೆ ಬಾಳಲು ಒಪ್ಪಿದರೆ ನಂಬಿದವರು ಬಿಟ್ಟುಹೋಗಕೂಡದೆಂದು ಸ್ಪಷ್ಟವಾಗಿ ಹೇಳಿದ್ದಾನೆ. ನಂಬದ ಗಂಡನ ಬಗ್ಗೆ ಹೆಂಡತಿಗೆ ಪೇತ್ರನ ಪತ್ರ ಕೊಡುವ ಸಲಹೆಯಂತೂ ಇನ್ನೂ ಮುಂದೆ ಹೋಗಿ, ಮಾತೇ ಇಲ್ಲದೆ ನಡತೆಯಿಂದ ಒಲಿಸಿಕೊಳ್ಳುವ ದಾರಿಯನ್ನು ತೋರಿಸುತ್ತದೆ. ಅದೇ ಪತ್ರ, ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕೆಂದೂ, ಆ ಉತ್ತರದಲ್ಲಿ ಸೌಮ್ಯತೆಯೂ ಗೌರವವೂ ಇರಬೇಕೆಂದೂ ಹೇಳುತ್ತದೆ. ಕೇಳಿದವರಿಗೆ ಎಂಬುದನ್ನು ಉತ್ಸಾಹಿಗಳು ಅನೇಕ ವೇಳೆ ಕಡೆಗಣಿಸುತ್ತಾರೆ. ಕರಾವಳಿಯಲ್ಲಿ ಕ್ರಿಸ್ಮಸ್ಸಿಗೆ ನೆರೆಮನೆಗಳಿಗೆ ಕುಸ್ವಾರಿನ ತಿಂಡಿತಟ್ಟೆ ಹಂಚುವ ಸಂಪ್ರದಾಯ ಯಾರನ್ನೂ ಮತಾಂತರಿಸಲು ಹುಟ್ಟಿದ್ದಲ್ಲ. ಆದರೆ ತಟ್ಟೆ ಪಡೆದ ಮನೆಯ ಹುಡುಗಿ ಇದು ಯಾರ ಹುಟ್ಟುಹಬ್ಬವೆಂದು ಕೇಳಿದರೆ, ಅದಕ್ಕೆ ಅಂಜದೆ ನೇರವಾಗಿ ಉತ್ತರಿಸಬಹುದು.

ಹಬ್ಬದೂಟ, ಪ್ರಸಾದ, ಅಪರಕರ್ಮ ಇವು ಮಿಶ್ರ ಕುಟುಂಬಗಳಲ್ಲಿ ನಂಬಿಕೆಯು ನಿಜವಾಗಿ ಪರೀಕ್ಷೆಗೆ ಒಳಗಾಗುವ ಸಂದರ್ಭಗಳು. ನೈವೇದ್ಯಕ್ಕಿಟ್ಟ ಆಹಾರದ ಪ್ರಶ್ನೆ ಕೊರಿಂಥದಲ್ಲೂ ಎದ್ದಿತ್ತು. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಬಹುದೆಂದೂ, ಇದು ನೈವೇದ್ಯದ್ದೆಂದು ಯಾರಾದರೂ ತಿಳಿಸಿದರೆ ಆ ತಿಳಿಸಿದವರ ಮನಸ್ಸಾಕ್ಷಿಗಾಗಿ ಬಿಡಬೇಕೆಂದೂ ಪೌಲನು ಹೇಳಿದ. ಎರಡರಲ್ಲೂ ಅವನ ಲಕ್ಷ್ಯವಿದ್ದದ್ದು ಎದುರಿಗೆ ಕೂತ ಮನುಷ್ಯನ ಮೇಲೆ. ಅಮ್ಮ ಪ್ರೀತಿಯಿಂದ ಕೈಗಿತ್ತದ್ದನ್ನು ಮುಖ ತಿರುಗಿಸಿ ತಳ್ಳುವುದಕ್ಕೂ, ಅವರ ಪಕ್ಕದಲ್ಲಿ ಕೂತು, ತನಗೆ ಅದೇಕೆ ಆಗದೆಂದು ವಿನಯದಿಂದ ತಿಳಿಸಿ, ಉಳಿದ ಅಡುಗೆಯನ್ನು ಬಡಿಸಿಕೊಂಡು ಉಣ್ಣುವುದಕ್ಕೂ ಬಹಳ ಅಂತರವಿದೆ. ಹಬ್ಬದ ದಿನ ಪೂಜೆಯಲ್ಲಿ ಪಾಲ್ಗೊಳ್ಳಲಾರದವನು ನೀರು ಸೇದಬಹುದು, ಎಲೆ ಎತ್ತಬಹುದು, ಬಂದ ನೆಂಟರನ್ನು ಬಸ್ಸಿಗೆ ಬಿಟ್ಟು ಬರಬಹುದು.

ಹೆತ್ತವರ ಮುಪ್ಪಿನ ವಿಷಯದಲ್ಲಿ ಯೇಸು ಆಡಿದ ಮಾತು ಎಲ್ಲಕ್ಕಿಂತ ಕಠಿಣವಾದದ್ದು. ಅವನ ಕಾಲದ ಕೆಲವರು, ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ಕೊರ್ಬಾನ್ ಎಂದು, ಅಂದರೆ ದೇವರಿಗೆ ಮುಡಿಪಾಗಿಟ್ಟದ್ದೆಂದು, ಹೇಳಿ ಜಾರಿಕೊಳ್ಳುತ್ತಿದ್ದರು. ದೇವರ ಹೆಸರಿನಲ್ಲಿ ದೇವರ ಆಜ್ಞೆಯನ್ನೇ ಮೀರುತ್ತೀರೆಂದು ಅವನು ಅವರನ್ನು ಖಂಡಿಸಿದ. ಸಭೆಯ ಕೆಲಸದಲ್ಲಿ ದಿನವಿಡೀ ಓಡಾಡಿ, ಊರಿನಲ್ಲಿ ಒಂಟಿಯಾಗಿರುವ ಅಪ್ಪನ ಔಷಧಿಯ ಚೀಟಿಯನ್ನು ತಮ್ಮನ ತಲೆಗೆ ಹೊರಿಸುವ ವಿಶ್ವಾಸಿ, ತನ್ನ ನಂಬಿಕೆಯ ಬಗ್ಗೆ ಆ ಮನೆಯಲ್ಲಿ ಏನು ಹೇಳಿದರೂ ಕೇಳುವವರಿಗೆ ಈ ಖಂಡನೆಯೇ ಮೊದಲು ನೆನಪಾಗುತ್ತದೆ. ಚಿತೆಗೆ ಬೆಂಕಿ ಇಡುವ ವಿಧಿಯನ್ನು ತನ್ನ ಮನಸ್ಸಾಕ್ಷಿಗೆ ಒಪ್ಪದೆಂದು ತಮ್ಮನಿಗೆ ಬಿಟ್ಟುಕೊಡುವ ಹಿರಿಮಗನು, ಅದಕ್ಕೆ ಮೊದಲಿನ ಆಸ್ಪತ್ರೆಯ ರಾತ್ರಿಗಳಲ್ಲಿ ಎಚ್ಚರವಿದ್ದು ಅಪ್ಪನ ಬಾಯಿಗೆ ನೀರು ಬಿಟ್ಟವನಾಗಿದ್ದರೆ, ಅವನ ನಿರಾಕರಣೆಯನ್ನು ಬಂಧುಗಳು ಒಪ್ಪದಿದ್ದರೂ ಅವನು ಅಪ್ಪನನ್ನು ಕೈಬಿಟ್ಟವನೆಂದು ಹೇಳಲಾರರು. ಹೆಗಲು ಕೊಡಲು ಅವನನ್ನು ಕರೆದೇ ಕರೆಯುತ್ತಾರೆ.